ಸೇನಾಪತಿಯ ಕಣ್ಣು

ಮಕ್ತಲದ ಭೀಮಣ್ಣನ ಗಣಪತಿ ಶೆಡ್ಡಿನಲ್ಲಿ ಒಂದು ಕಟ್ಟಳೆ ಇತ್ತು. ಮೂರ್ತಿಗೆ ಕಣ್ಣು ಬರೆಯುವಾಗ ಉಳಿದವರೆಲ್ಲ ಬೆನ್ನು ತಿರುಗಿಸಿ ನಿಲ್ಲಬೇಕು. ಹೊಟ್ಟೆ, ಸೊಂಡಿಲು, ಪಂಚೆ, ಕಿರೀಟಗಳಿಗೆ ಯಾರು ಬೇಕಾದರೂ ಬಣ್ಣ ಬಳಿಯಬಹುದು. ಕಣ್ಣಿನ ಕುಂಚ ಮಾತ್ರ ವೀರಬಸಮ್ಮನದು. ಮಿಂದು, ಬರಿಹೊಟ್ಟೆಯಲ್ಲಿ ಬಂದು, "ತಿರುಗ್ರಿ" ಅನ್ನುತ್ತಿದ್ದಳು. ಬಣ್ಣದವರು, ಮೂರ್ತಿ ಎತ್ತಿಡುವವರು, ಕೊನೆಗೆ ಮಾಲೀಕ ಭೀಮಣ್ಣ ಕೂಡ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು. ಮನೆಯಲ್ಲಿ ಗಂಡ ಬಾಲಯ್ಯ ಆಕೆಯ ಮಾತಿಗೆ ಚಾಪೆ ಮೇಲಿಂದ ಎದ್ದವನೂ ಅಲ್ಲ. ಇಲ್ಲಿ ಒಂದು ಮಾತಿಗೆ ಶೆಡ್ಡಿಗೆ ಶೆಡ್ಡೇ ತಿರುಗುತ್ತಿತ್ತು. ಆ ಗತ್ತು ಆಕೆಗೆ ಇಷ್ಟವಾಗಿತ್ತು. ಯಾಕಾಗಬಾರದು?

ರಾಯಚೂರು ಕಡೆಯಿಂದ ಉಟ್ಕೂರಿಗೆ ಸೊಸೆಯಾಗಿ ಬಂದವಳು. ದಿನಾ ಬೆಳಿಗ್ಗೆ ಶೇರ್ ಆಟೋದಲ್ಲಿ ಹತ್ತು ಮಂದಿಯ ನಡುವೆ ಒತ್ತಿಕೊಂಡು ಮಕ್ತಲಕ್ಕೆ ಬರುವುದು, ಹೊತ್ತು ಮುಳುಗುವಾಗ ಹಾಗೆಯೇ ಹೋಗುವುದು. ತೆಲಂಗಾಣ ರಾಜ್ಯವಾದ ವರ್ಷ ಹೊಸ ಹುರುಪಿನಲ್ಲಿ ಗಲ್ಲಿಗೊಂದು ಗಣಪತಿ ಕೂರಿಸಲು ಮಂದಿ ಮುಗಿಬಿದ್ದರು. ಕೈ ಸಾಲದೆ ಭೀಮಣ್ಣ ಗದ್ವಾಲದಿಂದ ಶಿವರಂಜನಿ ಎಂಬ ಹುಡುಗಿಯನ್ನು ಕರೆತಂದ. ಬೀರಪ್ಪ ದೇವರ ಒಕ್ಕಲಿನ ಮನೆಯವಳು, ಚುರುಕು, ನಗುಮುಖ. ಕೆಲಸವಿರುವ ದಿನಗಳಲ್ಲಿ ಶೆಡ್ಡಿನ ಪಕ್ಕದ ಕೋಣೆಯಲ್ಲೇ ಉಳಿಯುತ್ತಿದ್ದಳು. ವೀರಬಸಮ್ಮ ಆಕೆಯನ್ನು ಒಡಹುಟ್ಟಿದವಳಂತೆ ತಲೆ ಮೇಲೆ ಕೂರಿಸಿಕೊಂಡಳು. ಮೂರ್ತಿಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದನ್ನೇ ಮುಗಿಸದೆ, ಒಂದು ಬಣ್ಣವನ್ನು ಎಲ್ಲಕ್ಕೂ ಹಚ್ಚಿ ಮುಗಿಸುವ ಜೋರು ಕೆಲಸ ಕಲಿಸಿದಳು. ತನ್ನ ಡಬ್ಬಿಯ ರೊಟ್ಟಿಯಲ್ಲಿ ಅರ್ಧ ಕೊಟ್ಟಳು. ಕಣ್ಣು ಬರೆಯುವುದನ್ನೂ ಹಳೆಯ ಮಡಕೆಗಳ ಮೇಲೆ ಬರೆಸಿ ಬರೆಸಿ ಕಲಿಸಿದಳು.

ಸಂಜೆ ಬರೆದ ಕಣ್ಣುಗಳನ್ನು ಮರುದಿನ ಬೆಳಿಗ್ಗೆ ನೋಡುವುದು ವೀರಬಸಮ್ಮನ ದೊಡ್ಡ ಸುಖ. "ನೋಡು ರಂಜೀ, ನಿನ್ನೆಗಿಂತ ಇವತ್ತು ಚೆಂದ ಕಾಣತಾವ. ಬಣ್ಣ ಒಣಗಿದ ಮ್ಯಾಲೆ ಕಣ್ಣಿಗೆ ಜೀವ ಬರತೈತಿ" ಅನ್ನುತ್ತಿದ್ದಳು. ರಂಜನಿ "ಹೌದ್ರಿ ಅಕ್ಕಾ" ಅನ್ನುತ್ತಿದ್ದಳು. ಇತ್ತೀಚೆಗೆ ವೀರಬಸಮ್ಮ ಚಹಾದ ಗ್ಲಾಸು ಹಿಡಿದರೆ ಸೀರೆ ಮೇಲೆ ತುಳುಕುತ್ತಿತ್ತು. ಅಂಚಿನತನಕ ಯಾಕೆ ತುಂಬುತ್ತೀಯೆಂದು ಹೋಟೆಲಿನ ಅಂಜಯ್ಯನ ಮೇಲೆ ಹರಿಹಾಯುತ್ತಿದ್ದಳು.

ಆಕೆಗಿದ್ದ ಕೊರಗು ಒಂದೇ. ತಾನು ಕಣ್ಣು ಕೊಟ್ಟದ್ದೆಲ್ಲ ನೀರುಪಾಲು. ಹಬ್ಬ ಮುಗಿಯುತ್ತಲೇ ಕೆರೆಗೋ ಕೃಷ್ಣೆಗೋ ಹೋಗಿಬಿಡುತ್ತಿತ್ತು. ಇಷ್ಟು ವರ್ಷದ ದುಡಿಮೆಯಲ್ಲಿ 'ಇದು ನನ್ನ ಕೈ' ಎಂದು ತೋರಿಸಲು ಒಂದು ಜೊತೆ ಕಣ್ಣೂ ಭೂಮಿಯ ಮೇಲೆ ಉಳಿದಿರಲಿಲ್ಲ.

ರಾಜ್ಯವಾಗಿ ಮೂರ್ನಾಲ್ಕು ವರ್ಷಗಳ ಮೇಲೆ ಒಂದು ಬೇಸಿಗೆ, ಶೆಡ್ಡು ಖಾಲಿ ಇದ್ದಾಗ, ನಾರಾಯಣಪೇಟೆಯ ಸೀರೆ ಅಂಗಡಿಯವರ ಮಗ ಅಂಜನಕುಮಾರ್ ಒಂದು ರಟ್ಟಿನ ಪೆಟ್ಟಿಗೆ ಹೊತ್ತುಕೊಂಡು ಬಂದ. ತೆಗೆದು ನೋಡಿದರೆ ಬೂದು ಬಣ್ಣದ ಪ್ಲಾಸ್ಟಿಕ್ ಸಿಪಾಯಿಗಳು, ಹೆಬ್ಬೆರಳಿನಷ್ಟು ಎತ್ತರ. ಅರ್ಧ ಮನುಷ್ಯ, ಅರ್ಧ ಯಂತ್ರ. ಬೆನ್ನಿಗೆ ಹೊಗೆ ಕೊಳವೆ, ಕೈಯಲ್ಲಿ ಎಂಥದೋ ಬಂದೂಕು.

"ಇವು ಎಲ್ಲಿ ಮಂದಿಯಪ್ಪಾ?" ಅಂದಳು ವೀರಬಸಮ್ಮ.

"ಮುಂದ ಸಾವಿರಾರು ವರ್ಷಕ್ಕ ಹುಟ್ಟೋ ಮಂದಿ, ದೊಡ್ಡಮ್ಮಾ. ಆಕಾಶದಾಗ ಯುದ್ಧ ಮಾಡೋರು. ಹೈದರಾಬಾದಿನಾಗ ಟೇಬಲ್ ಮ್ಯಾಲೆ ದಾಳ ಹಾಕಿ ಇವರನ್ನ ಆಡಸತೀವಿ. ಪಂದ್ಯ ಹತ್ರ ಬಂತು, ಬಣ್ಣ ಇಲ್ಲದ ಸೇನೆನ್ನ ಟೇಬಲ್ ಮ್ಯಾಲೆ ಇಡಂಗಿಲ್ಲ. ನೀವು ಗಣಪತಿ ಮಾಡೋ ಜೋರು ನೋಡೀನಿ, ಅದಕ್ಕ ಬಂದೆ."

"ಹುಟ್ಟದೇ ಇರೋರಿಗೆ ಈಗಲೇ ಅಂಗಿ ಹೊಲಿಬೇಕೇನು?" ಎಂದು ಆಕೆ ನಕ್ಕಳು. ಆಮೇಲೆ ಕೇಳಿದಳು, "ಆಟ ಮುಗಿದ ಮ್ಯಾಲೆ ಇವನ್ನ ಏನ್ ಮಾಡತೀರಿ? ನೀರಿಗೆ ಬಿಡತೀರೇನು?"

"ನೀರಿಗ್ಯಾಕ? ಕಪಾಟಿನಾಗ ಇಡತೀವಿ. ನನ್ನ ಮೊಮ್ಮಕ್ಕಳ ಕಾಲಕ್ಕೂ ಇರತಾವ."

ಆ ಮಾತು ವೀರಬಸಮ್ಮನ ಎದೆಗೆ ನಾಟಿತು. ಸಿಪಾಯಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ಎಲ್ಲರ ಮುಖಕ್ಕೂ ಲೋಹದ ಟೋಪಿ, ಕಣ್ಣಿನ ಜಾಗದಲ್ಲಿ ಗಾಜು. ಒಬ್ಬ ಸೇನಾಪತಿಗೆ ಮಾತ್ರ ಬರಿದಲೆ, ಮನುಷ್ಯರ ಮುಖ, ಎಳ್ಳಿಗಿಂತ ಸಣ್ಣ ಕಣ್ಣು.

"ಇವನ ಕಣ್ಣು ನಾ ಬರಿತೀನಿ" ಅಂದಳು.

ಮರುದಿನದಿಂದಲೇ ಕೆಲಸ ಹಚ್ಚಿದರು. ಸಿಪಾಯಿಗಳನ್ನು ಹಲಗೆಗೆ ಅಂಟಿಸಿ, ಸ್ಪ್ರೇ ಹೊಡೆದು ಎಲ್ಲರನ್ನೂ ಒಮ್ಮೆಗೇ ಕಪ್ಪು ಮಾಡಿದರು. ಒಬ್ಬಳು ಕವಚದ ನೀಲಿ ಹಚ್ಚುತ್ತ ಹೋದರೆ ಇನ್ನೊಬ್ಬಳು ಹಿಂದಿನಿಂದ ಬಂದೂಕಿನ ಬೆಳ್ಳಿ ಹಚ್ಚುತ್ತ ಬಂದಳು. ಸೊಂಡಿಲಿನ ಮಡಿಕೆಗೆ ಬಿಡುವ ತೆಳು ಕಂದು ಬಣ್ಣದ ನೀರನ್ನೇ ಸಿಪಾಯಿಗಳ ಮೈಮೇಲೂ ಹರಿಸಿದರು; ಸಂದುಗಳಲ್ಲಿ ನೆರಳು ತಾನೇ ಕೂತಿತು. ಬಟ್ಟೆಗೆ ಒರೆಸಿ ಒಣಗಿಸಿದ ಕುಂಚವನ್ನು ಅಂಚುಗಳ ಮೇಲೆ ಸವರಿದಾಗ ಕವಚ ಮಿಂಚಿತು. ಅರ್ಧ ಸೇನೆ ಕಣ್ಣೆದುರಿಗೇ ಎದ್ದು ನಿಂತಿತು.

ಆಗ ಒಂದು ಬೆಳಿಗ್ಗೆ ವೀರಬಸಮ್ಮ ಬಂದು ನೋಡಿದರೆ ಹಲಗೆಗಳು ಖಾಲಿ.

"ಅಂಜನಕುಮಾರ್ ಬಂದು ಒಯ್ದರ್ರಿ ಅಕ್ಕಾ. ಪಂದ್ಯ ರದ್ದಾತಂತ" ಅಂದಳು ರಂಜನಿ. ಹೇಳಿ, ಊರಿಗೆ ಹೋಗುತ್ತೇನೆ, ಮೈಯಲ್ಲಿ ಜ್ವರ ಇದೆ ಎಂದು ಗದ್ವಾಲದ ಬಸ್ಸು ಹತ್ತಿದಳು.

ವೀರಬಸಮ್ಮನಿಗೆ ಸೇನೆ ಹೋದ ಬೇಸರಕ್ಕಿಂತ ಹುಡುಗಿಯ ಜ್ವರದ ಚಿಂತೆ ಹೆಚ್ಚಾಯಿತು. ಎರಡು ದಿನ ತಡೆದು, ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು, ಜೂರಾಲ ಡ್ಯಾಮಿನ ಮೇಲೆ ಹಾದುಹೋಗುವ ಬಸ್ಸಿನಲ್ಲಿ ಗದ್ವಾಲಕ್ಕೆ ಹೋದಳು. ಬಾಗಿಲು ತೆರೆದೇ ಇತ್ತು. ಪಡಸಾಲೆಯ ಕಿಟಕಿಯ ಕಟ್ಟೆ ಮೇಲೆ ನೀಲಿ ಸಿಪಾಯಿಗಳು ಸಾಲಾಗಿ ಬಿಸಿಲು ಕಾಯಿಸುತ್ತಿದ್ದರು. ರಂಜನಿ ಜ್ವರದ ಸುಳಿವೂ ಇಲ್ಲದೆ ಕೂತು ಬಣ್ಣ ಕಲಸುತ್ತಿದ್ದಳು.

ವೀರಬಸಮ್ಮ ಒಳಗೆ ಬಂದಳು. ರೊಟ್ಟಿಯ ಗಂಟು ಕೆಳಗಿಟ್ಟಳು.

"ಪಂದ್ಯ ರದ್ದಾತು ಅಂದಿದ್ದಿ."

ರಂಜನಿ ಅಳತೊಡಗಿದಳು. "ಸಿಟ್ಟಾಗಬ್ಯಾಡ್ರಿ ಅಕ್ಕಾ. ನಿಮ್ಮ ಕೈ ನಡುಗತೈತಿ. ಎರಡು ಹಬ್ಬದಿಂದ ನಡುಗತೈತಿ. ನೀವು ಆಟೋ ಹತ್ತಿದ ಮ್ಯಾಲೆ ಗಣಪತಿ ಕಣ್ಣು ನಾನೇ ತಿದ್ದತಿದ್ದೆ. ಈ ಸೇನಾಪತಿ ಕಣ್ಣು ಇಷ್ಟು ಸಣ್ಣವು, ಕೆಟ್ಟರ ಹ್ಯಾಂಗ? ನಿಮಗ ಹ್ಯಾಂಗ ಹೇಳಲಿ?"

"ಭೀಮಣ್ಣಗ ಗೊತ್ತೈತೇನು?"

"ತಿದ್ದು ಅಂತ ಅವರೇ ಹೇಳಿದರ್ರಿ."

"ಉಳಿದವರಿಗೆ?"

"ಎಲ್ಲಾರಿಗೂ ಗೊತ್ತೈತ್ರಿ."

ವೀರಬಸಮ್ಮನಿಗೆ ಶೆಡ್ಡಿನ ಬೆಳಗುಗಳು ನೆನಪಾದವು. ಒಣಗಿದ ಮೇಲೆ ಕಣ್ಣಿಗೆ ಜೀವ ಬರುತ್ತದೆ ಎಂದು ಈ ಹುಡುಗಿಗೇ ಹೇಳಿದ್ದಳಲ್ಲ! ತನ್ನ ಒಂದು ಮಾತಿಗೆ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದವರ ಮುಖಗಳು ಆ ಗಳಿಗೆಯಲ್ಲಿ ಹೇಗಿದ್ದವೋ, ಆಕೆ ನೋಡಿದವಳಲ್ಲ. ಅಯ್ಯೋ ಪಾಪ ಅನ್ನುತ್ತಿದ್ದರೋ, ನಗುತ್ತಿದ್ದರೋ. ನಾಚಿಕೆಗೂ ಸಿಟ್ಟಿಗೂ ಮೈಯೆಲ್ಲ ಉರಿಯಿತು.

"ನಡುಗಿದ್ದು ನನ್ನ ಕೈ, ಖರೆ. ಸುಳ್ಳು ಹೇಳಿದ್ದು ನಿನ್ನ ಬಾಯಿ" ಅಂದಳು. "ಆ ಸೇನಾಪತಿನ್ನ ಇಲ್ಲಿ ಕೊಡು."

ಸೇನಾಪತಿಗೆ ಇನ್ನೂ ಕಣ್ಣಾಗಿರಲಿಲ್ಲ. ಹೊರಗೆ ಹೋಗಿ ಕೈಕಾಲು ಮುಖ ತೊಳೆದು ಬಂದಳು. "ತಿರುಗು" ಎಂದು ಹೇಳಲಿಲ್ಲ. ರಂಜನಿ ನೋಡುತ್ತಲೇ ಇದ್ದಳು. ಎಡಗಣ್ಣು ಸರಿಯಾಗಿ ಕೂತಿತು. ಬಲಗಣ್ಣಿಗೆ ಬಂದಾಗ ಕೈ ಹಾರಿತು. ಪಾಪೆ ಮೂಗಿನ ಕಡೆ ಸರಿದು, ಸೇನಾಪತಿ ತನ್ನ ಮೂಗಿನ ತುದಿಯನ್ನೇ ನೋಡುತ್ತ ನಿಂತ. ವೀರಬಸಮ್ಮ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಹುಡುಗಿ ಕೈಯ ವಿಷಯದಲ್ಲಿ ಸುಳ್ಳು ಹೇಳಿರಲಿಲ್ಲ. ಕಣ್ಣಲ್ಲಿ ನೀರು ಬಂತು.

"ಹಿಂಗೇ ಇರಲಿ" ಅಂದಳು. "ಮೆಳ್ಳಗಣ್ಣಾದರೂ ನನ್ನದು. ನಂದೊಂದಾದರೂ ಭೂಮಿ ಮ್ಯಾಲೆ ಉಳೀಲಿ. ಆ ಹುಡುಗಗ ನೀನೇ ಖರೆ ಹೇಳು. ಬ್ಯಾಡ ಅಂದ್ರ ಇವನನ್ನ ನನಗ ಕೊಡಲಿ, ನಾ ಇಟಗೊಂತೀನಿ. ತಿದ್ದಬ್ಯಾಡ ಮತ್ತ."

"ತಿದ್ದಂಗಿಲ್ರಿ ಅಕ್ಕಾ."

"ಆಣಿ ಮಾಡು."

"ಬೀರಪ್ಪನ ಆಣಿ, ಮುಟ್ಟಂಗಿಲ್ಲ."

ವೀರಬಸಮ್ಮ ತಂದ ರೊಟ್ಟಿಯನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಸಿಟ್ಟು ಇತ್ತು. ಆದರೂ ಆಣೆ ಮಾಡಿದ್ದಾಳಲ್ಲ ಎಂಬ ಒಂದು ಸಮಾಧಾನವನ್ನು ಸೆರಗಿನಲ್ಲಿ ಕಟ್ಟಿಕೊಂಡಂತೆ ಉಟ್ಕೂರಿನತನಕ ಒಯ್ದಳು.

ಗಣಪತಿ ಕೆಲಸ ಮತ್ತೆ ಶುರುವಾಗುವ ಹೊತ್ತಿಗೆ ಅಂಜನಕುಮಾರ್ ಶೆಡ್ಡಿಗೆ ಬಂದ. ರಂಜನಿಯೂ ಬಂದಿದ್ದಳು, ಮೂಲೆಯಲ್ಲಿ ಕುಂಚ ತೊಳೆಯುತ್ತಿದ್ದಳು. ಪೆಟ್ಟಿಗೆ ಬಿಚ್ಚಿ, ಸ್ಪಂಜಿನ ಮಡಿಕೆಯಿಂದ ಸೇನಾಪತಿಯನ್ನು ಎತ್ತಿ ವೀರಬಸಮ್ಮನ ಅಂಗೈಯಲ್ಲಿಟ್ಟ.

"ಆಟ ಸೋತ್ವಿ ದೊಡ್ಡಮ್ಮಾ. ಸೇನೆ ಚೆಂದ ಐತಿ ಅಂತ ಬಹುಮಾನ ಬಂತು. ಎಲ್ಲಾರೂ ಇವನ ಕಣ್ಣೇ ನೋಡತಿದ್ರು. ಯಾರು ಬರೆದಿದ್ದು ಅಂತ ಕೇಳಿದ್ರು. ಉಟ್ಕೂರಿನ ವೀರಬಸಮ್ಮ ಅಂತ ಹೇಳೀನಿ. ಶಿವರಂಜನಿನೂ ನನಗ ಹಂಗೇ ಹೇಳ್ಯಾಳ."

ಆಕೆ ಬಾಗಿಲ ಬೆಳಕಿಗೆ ಹೋಗಿ ನೋಡಿದಳು. ಸೇನಾಪತಿ ಮೂಗು ನೋಡುತ್ತಿರಲಿಲ್ಲ. ಎರಡು ಕಣ್ಣೂ ನೇರ. ಎರಡೂ ಚೊಕ್ಕ. ಸರಿಯಿದ್ದ ಎಡಗಣ್ಣನ್ನೂ ರಂಜನಿ ತಿದ್ದದೆ ಬಿಟ್ಟಿರಲಿಲ್ಲ.

ಆಕೆಯ ಹೆಸರು ಮೊದಲ ಸಲ ಹೈದರಾಬಾದು ಕಂಡಿತ್ತು, ಮೊಮ್ಮಕ್ಕಳ ಕಾಲಕ್ಕೂ ಉಳಿಯುವ ಗೊಂಬೆಯ ಮೇಲೆ, ತನ್ನದಲ್ಲದ ಕಣ್ಣಿಗೆ. ಹುಡುಗಿ ಹೆಸರನ್ನೂ ಕದ್ದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

"ಚಲೋ ಬಂದಾವು" ಎಂದು ಗೊಂಬೆಯನ್ನು ಹಿಂದಿರುಗಿಸಿದಳು. ಮೂಲೆಯಲ್ಲಿ ಕುಂಚ ತೊಳೆಯುವ ಸದ್ದು ನಿಂತುಹೋಗಿತ್ತು.

ಮೊದಲ ಸಾಲು ಗಣಪತಿಗಳು ಕಣ್ಣಿಗೆ ತಯಾರಾದ ದಿನ ವೀರಬಸಮ್ಮ ತನ್ನ ಕುಂಚವನ್ನು ಎಲ್ಲರೆದುರು ರಂಜನಿಯ ಕೈಗೆ ಕೊಟ್ಟಳು. "ಇನ್ನ ನೀನೇ ಬರಿ" ಅಂದಳು, ಅಷ್ಟೇ.

ರಂಜನಿ ಮಿಂದು ಬಂದು ಮೊದಲ ಮೂರ್ತಿಯ ಮುಂದೆ ಕೂತಳು. "ತಿರುಗ್ರಿ" ಅಂದಳು, ಕೇಳಿಸಿಯೂ ಕೇಳಿಸದಂತೆ. ಬಣ್ಣದವರು ತಿರುಗಿದರು. ಭೀಮಣ್ಣ ತಿರುಗಿದ. ವೀರಬಸಮ್ಮ ತಿರುಗಲಿಲ್ಲ. ಕೈಕಟ್ಟಿಕೊಂಡು, ಆ ಕುಂಚ ಹಿಡಿದ ಕೈಯನ್ನೇ ನೋಡುತ್ತ ನಿಂತಳು.

"ಅಕ್ಕಾ, ತಿರುಗ್ರಿ."

"ಬರಿಯವ್ವಾ" ಅಂದಳು ವೀರಬಸಮ್ಮ. "ನಾ ನೋಡತೀನಿ."