ಹೊಳೆವ್ವನ ಕಂಬಳಿ

ತೊಯ್ದ ಕಂಬಳಿಯ ವಾಸನೆ ಎಲ್ಲರಿಗೂ ಸೇರುವಂಥದ್ದಲ್ಲ. ಹೋದ ಮಳೆಗಾಲದಲ್ಲಿ ಒಂದು ದಿನ ರಾಣೆಬೆನ್ನೂರಿನಲ್ಲಿ ಹಾವೇರಿ ಬಸ್ಸು ಹತ್ತಿ ಕುಳಿತಿದ್ದೆ. ಬಸ್ಸು ಬಿಡುವ ಹೊತ್ತಿಗೆ ಕುರಿ ಕಾಯುವ ಮುದುಕರೊಬ್ಬರು ನೀರು ಸೋರುವ ಕಂಬಳಿಯನ್ನು ತಲೆಯ ಮೇಲಿಂದ ಇಳಿಬಿಟ್ಟುಕೊಂಡೇ ಹತ್ತಿದರು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದ ಕಾಲೇಜು ಹುಡುಗಿ ದುಪಟ್ಟಾ ಮೂಗಿಗೆ ಒತ್ತಿಕೊಂಡಳು. ಕಂಡಕ್ಟರ್, “ಅಜ್ಜಾ, ಅದನ್ನ ಟಾಪ್ ಮ್ಯಾಲ ಒಗಿ. ಬಸ್ ತುಂಬ ಕುರಿ ಹತ್ತಿದಂಗ ಆತು” ಎಂದ. “ಅದನ್ನ ಮ್ಯಾಲ ಒಗದು ನಾ ಏನ್ ಹೊದ್ಕೊಳ್ಳಿ, ನಿನ್ನ ಟಿಕೀಟೇನು?” ಎಂದರು ಮುದುಕರು. ಬಸ್ಸೆಲ್ಲ ನಕ್ಕಿತು. ನಾನು ಸರಿದು ಕುಳಿತು, “ಇಲ್ಲೆ ಬರ್ರಿ ಅಜ್ಜಾರ, ಕುಂದರ್ರಿ” ಎಂದೆ. ಕುರಿಯ ಜಿಡ್ಡು, ಒಲೆಯ ಹೊಗೆ, ಅವೆರಡರ ಅಡಿಯಲ್ಲಿ ನೇಯುವ ಮುಂಚೆ ಎಳೆಗೆ ಹಚ್ಚುವ ಹುಣಸೆಬೀಜದ ಗಂಜಿಯ ಸಣ್ಣ ಹುಳಿ. ಆ ಗಂಜಿಯ ವಾಸನೆ ಮೂಗಿಗೆ ಬಿದ್ದದ್ದೇ ಮೋಟೆಬೆನ್ನೂರು ಬಂದದ್ದೂ ಗೊತ್ತಾಗಲಿಲ್ಲ, ಮುದುಕರು ಇಳಿದದ್ದೂ ಗೊತ್ತಾಗಲಿಲ್ಲ. ನಾನು ಮೇಡ್ಲೇರಿಯ ನಮ್ಮ ಮನೆಯಲ್ಲಿದ್ದೆ.

ಆ ಮನೆಗೆ ಪಡಸಾಲೆಯೇ ಮಗ್ಗ, ಮಗ್ಗವೇ ಪಡಸಾಲೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಅಜ್ಜ ಸೊಂಟದವರೆಗೆ ಇಳಿದು ಕುಳಿತು ಕಂಬಳಿ ನೇಯುತ್ತಿದ್ದ. ಕುಣಿಯ ಬದಿಗೆ ಅಮ್ಮ ರಾಟಿ ತಿರುಗಿಸುತ್ತಿದ್ದಳು. ನಮ್ಮ ಕಡೆ ಅಜ್ಜಿಗೆ ಅಮ್ಮ ಅನ್ನುತ್ತೇವೆ, ತಾಯಿಗೆ ಅವ್ವ. ಅವ್ವ ಬಾಗಿಲ ಬೆಳಕಿಗೆ ಕುಳಿತು ಕರಿ ಉಣ್ಣೆಯನ್ನು ಹಿಂಜಿ ಹಿಂಜಿ ಮೋಡದಂತೆ ಗುಡ್ಡೆ ಹಾಕುತ್ತಿದ್ದಳು. ಅಪ್ಪ ಕುರಿಯ ಹಿಂದೆ ಊರೂರು ತಿರುಗುವವನು, ಮನೆಗೆ ಬಂದರೆ ನೆಂಟರ ಹಾಗೆ. ತಮ್ಮ ಇನ್ನೂ ಕೂಸು. ದೊಡ್ಡವರಲ್ಲಿ ಒಬ್ಬರಿಗೂ ಅಕ್ಷರ ಬರುತ್ತಿರಲಿಲ್ಲ. ಬಸ್ಸಿನ ಬೋರ್ಡನ್ನೂ ಪಕ್ಕದವರನ್ನು ಕೇಳಿ ಹತ್ತುವವರು. ಆ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲ ಜೀವ ನಾನು. ಈ ಮಾತನ್ನು ಹೇಳುವಾಗ ನನಗೆ ಇಂದಿಗೂ ನಾಚಿಕೆಯಿಲ್ಲ, ಹೆಮ್ಮೆ ಇದೆ. ಆದರೆ ಪುಸ್ತಕ ಓದುವುದು ಅಂದರೆ ಏನು ಎಂಬುದನ್ನು ನಾನು ಕಾಲೇಜಿನಲ್ಲಿ ಕಲಿಯಲಿಲ್ಲ. ಆ ಕುಣಿಯ ದಂಡೆಯ ಮೇಲೆ, ಅಕ್ಷರ ಬಾರದವರ ನಡುವೆ ಕುಳಿತು ಕಲಿತೆ.

ಏಳನೇ ತರಗತಿಯ ಚಳಿಗಾಲ ಅದು. ಮಾಸ್ತರರು ಶಾಲೆಯ ಕಪಾಟಿನಿಂದ ಒಂದು ದಪ್ಪ ಕಾದಂಬರಿ ತೆಗೆದುಕೊಟ್ಟರು. ಮೇಲಿನ ರಟ್ಟು ಹರಿದುಹೋಗಿತ್ತು, ಬರೆದವರ ಹೆಸರು ಅದರೊಟ್ಟಿಗೇ ಹೋಗಿತ್ತು. ‘ಮೊದಲನೆಯ ಭಾಗ’ ಎಂಬುದಷ್ಟೇ ಉಳಿದಿತ್ತು. ನಾನು ಮೂಲೆಯಲ್ಲಿ ತುಟಿ ಅಲ್ಲಾಡಿಸುತ್ತ ಓದುವುದನ್ನು ನೋಡಿ ಅಮ್ಮ, “ಒಬ್ಬಾಕಿನ ತಿಂದಂಗ ಓದಬ್ಯಾಡ. ನಾವೂ ಇಲ್ಲೇ ಅದೀವಿ” ಅಂದಳು. ಅಂದಿನಿಂದ ದಿನವೂ ಶಾಲೆಯಿಂದ ಬಂದ ಮೇಲೆ ದೀಪ ಹಚ್ಚುವ ತನಕ ಗಟ್ಟಿಯಾಗಿ ಓದುವುದು ನನ್ನ ಕೆಲಸವಾಯಿತು. ಕಥೆಯಲ್ಲಿ ಹೊಳೆದಂಡೆಯ ಮೇಲೆ ಒಂದು ಮನೆ. ತಾಯಿ, ತಂದೆ, ಬೆಳೆದ ಮಗ, ಒಂದು ಸಣ್ಣ ಹುಡುಗಿ. ಪುಸ್ತಕ ತೆರೆದಾಗಿನಿಂದ ಹೊಳೆ ಏರುತ್ತಲೇ ಇತ್ತು. ತುಂಗಭದ್ರೆಯ ನೀರು ಕುಡಿದು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನು ‘ನೀರು ಕಟ್ಟೆಯ ಎರಡನೆಯ ಮೆಟ್ಟಿಲಿಗೆ ಬಂತು’ ಎಂದು ಓದಿದರೆ ಅವ್ವ ಕುಳಿತಲ್ಲೇ ಸೀರೆಯ ಅಂಚನ್ನು ಎತ್ತಿಕೊಳ್ಳುತ್ತಿದ್ದಳು.

ಅಜ್ಜ ಮಾತ್ರ ತನಗೂ ಇದಕ್ಕೂ ಸಂಬಂಧವಿಲ್ಲ ಎನ್ನುವಂತಿದ್ದ. “ಸುಳ್ಳು ಕತಿ. ಕುಂತಾವ ಬರದಾನ, ಕೆಲಸ ಇಲ್ಲದಾವರು ಕೇಳಾಕತ್ತಾರ” ಅನ್ನುವನು. ಆದರೆ ಮಗ್ಗಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಕಥೆ ನೆಟ್ಟಗೆ ನಡೆಯುವಾಗ ಟಕ್ ಟಕ್ ಎಂದು ಎಳೆ ಬಡಿಯುವ ಸದ್ದು ನನ್ನ ದನಿಯ ಜೊತೆಯೇ ಸಾಗುತ್ತಿತ್ತು. ಹೊಳೆ ಏರಿದಲ್ಲಿ ಸದ್ದು ನಿಧಾನವಾಗುತ್ತಿತ್ತು. ತಾಯಿ ಮನೆಯವರನ್ನೆಲ್ಲ ದೋಣಿ ಹತ್ತಿಸಿ, ಗೂಟಕ್ಕೆ ಕಟ್ಟಿದ್ದ ಎಮ್ಮೆಯನ್ನು ಬಿಚ್ಚಲು ತಿರುಗಿ ಹೋದಳು ಎಂದು ಓದಿದ ದಿನ ಸದ್ದು ನಿಂತೇ ಹೋಯಿತು. ಪಕ್ಕದ ಮನೆಯ ಫಕೀರವ್ವ ದಿನವೂ ಕಥೆಗೆ ಬಂದು ಕೂರುವವಳು, ಎದೆಯ ಮೇಲೆ ಕೈ ಇಟ್ಟುಕೊಂಡು, “ಅಯ್ಯ ಹುಚ್ಚಿ, ಎಮ್ಮಿ ಸಾಯ್ಲಿ, ನೀ ಹತ್ತ” ಎಂದು ಪುಸ್ತಕದ ಕಡೆ ನೋಡಿ ಬೈದಳು. “ಬಾಯಿಲ್ಲದ ಜೀವ ಬಿಟ್ಟು ಹ್ಯಾಂಗ ಹೋಗ್ತಾಳಬೇ?” ಎಂದು ಅವ್ವ ಜಗಳಕ್ಕೆ ಬಿದ್ದಳು. “ನೀ ಆದ್ರ ಹೋಗ್ತಿದ್ದೇನು?” “ಹೋಗ್ತಿದ್ದೆ.” “ಹೋಗು ಹಂಗಾರ, ನಿನ್ನ ಗಂಡಗ ಇನ್ನೊಂದು ಮದಿವಿ ಮಾಡ್ತೇವಿ!” ಎಲ್ಲರೂ ನಕ್ಕರು. ಕುಣಿಯೊಳಗಿಂದ ಅಜ್ಜನ ದನಿ ಬಂತು: “ಲಗೂ ಮುಂದ ಓದ.”

ಮುಂದೆ ಓದಿದೆ. ತಾಯಿ ತಿರುಗಿ ಬರಲಿಲ್ಲ. ದೋಣಿ ಮಗುಚಿ ತಂದೆ ಎಲ್ಲಿಗೋ, ಮಗ ಎಲ್ಲಿಗೋ. ಸಣ್ಣ ಹುಡುಗಿಯನ್ನು ಯಾರೋ ಎತ್ತಿ ಒಂದು ಶಾಲೆಯ ಕಟ್ಟೆಯ ಮೇಲೆ ಕೂರಿಸಿ ಮತ್ತೊಬ್ಬರನ್ನು ಎತ್ತಲು ಓಡಿದರು. ಅವಳು ತೊಯ್ದ ಅಂಗಿಯಲ್ಲಿ ನಡುಗುತ್ತ ದಾರಿ ನೋಡುತ್ತಿದ್ದಳು. ಅಲ್ಲಿಗೆ ಮೊದಲನೆಯ ಭಾಗ ಮುಗಿದಿತ್ತು. “ಅಂದ್ರ?” ಎಂದಳು ಅಮ್ಮ. “ಇಷ್ಟ ಐತಿ, ಅಮ್ಮ. ಉಳಿದದ್ದು ಇನ್ನೊಂದು ಪುಸ್ತಕದಾಗ ಐತಿ.” ಯಾರೂ ಏಳಲಿಲ್ಲ. ದೀಪ ಹಚ್ಚುವ ಹೊತ್ತಾದರೂ ಅವ್ವ ಒಲೆಯ ಕಡೆ ಹೋಗಲಿಲ್ಲ. ಕೊನೆಗೆ ಎದ್ದು ಹೋದ ಫಕೀರವ್ವ ಸ್ವಲ್ಪ ಹೊತ್ತಿಗೆ ರೊಟ್ಟಿ, ಪುಂಡಿಪಲ್ಯೆ ಅರಿವೆಯಲ್ಲಿ ಕಟ್ಟಿಕೊಂಡು ಬಂದಳು. “ಸತ್ತಾರ ಮನಿಗೆ ಬುತ್ತಿ ತರಬೇಕಲ್ಲ” ಎಂದಳು. ಚೇಷ್ಟೆಗೆ ಅಂದದ್ದು. ಆದರೆ ಒಬ್ಬರೂ ನಗಲಿಲ್ಲ, ಕೈ ತೊಳೆದು ಬಂದು ಆ ಬುತ್ತಿಯನ್ನೇ ಉಂಡೆವು.

ಮರುದಿನ ಅಮ್ಮ ನೂತಿಟ್ಟಿದ್ದ ಒಳ್ಳೆಯ ಉಣ್ಣೆಯ ಉಂಡೆಗಳನ್ನು ಅಜ್ಜನ ಮುಂದಿಟ್ಟು, “ಒಂದು ಸಣ್ಣ ಕಂಬಳಿ ಹಾಕ್ರಿ, ಹುಡುಗಿ ಅಳತೀದು” ಎಂದಳು. ಯಾವ ಹುಡುಗಿ ಎಂದು ಅಜ್ಜ ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ ಎಂಬುದೇ ನನಗೆ ಈಗಲೂ ಮೈ ನವಿರೇಳಿಸುವ ಸಂಗತಿ. “ಆ ಅಳತೀದು ಸಂತ್ಯಾಗ ಯಾವನೂ ತಗೊಳ್ಳೂದಿಲ್ಲ” ಎಂದ. “ಸಂತಿಗಲ್ಲ.” “ಹುಚ್ಚೇನು ನಿನಗ? ಅಕಿ ಪುಸ್ತಕದಾಗ ಅದಾಳ. ಯಾರ ಕೈಯಾಗ ಕಳಸ್ತಿ?” ಅಮ್ಮ ರಾಟಿ ನಿಲ್ಲಿಸಿದಳು. “ನನಗ ಹೊದಿಸಿದಾಕಿ, ನಾ ಯಾರು ಅಂತ ಕೇಳಿ ಹೊದಿಸಿದ್ಲೇನು?” ಅಜ್ಜ ತಲೆ ಬಗ್ಗಿಸಿ ಎಳೆ ಹೂಡಲು ಶುರುಮಾಡಿದ. ಆ ಮಾತಿನ ಹಿಂದಿನದನ್ನು ಅವ್ವ ನನಗೆ ಆಮೇಲೆ ಹೇಳಿದಳು. ಅಮ್ಮ ಚಿಕ್ಕವಳಿದ್ದಾಗ ಊರಿಗೆ ಬೇನೆ ಬಿದ್ದು ಮನೆಯವರೆಲ್ಲ ತೀರಿಹೋಗಿದ್ದರಂತೆ. ಯಾವುದೋ ಊರಿನ ಗುಡಿಯ ಕಟ್ಟೆಯ ಮೇಲೆ ಒಬ್ಬಳೇ ಕುಳಿತಿದ್ದಾಗ, ದಾರಿಯಲ್ಲಿ ಕುರಿ ಹೊಡೆದುಕೊಂಡು ಹೊರಟಿದ್ದ ಹೆಂಗಸೊಬ್ಬಳು ತಾನು ಹೊದ್ದಿದ್ದನ್ನು ಬಿಚ್ಚಿ ಅವಳಿಗೆ ಹೊದಿಸಿ ಮುಂದೆ ನಡೆದಳಂತೆ. ಅವಳ ಮುಖವೂ ಅಮ್ಮನಿಗೆ ನೆನಪಿರಲಿಲ್ಲ. ವಾಸನೆ ಮಾತ್ರ ನೆನಪಿತ್ತು.

ಅಜ್ಜ ಹೂಡಿದ ಹಾಸಿನ ಉದ್ದ ಎಳೆಗಳು ಗಂಜಿ ಕುಡಿದು, ಬಿಸಿಲಿಗೆ ಒಣಗಿ ಮಗ್ಗ ಏರಿದವು. ಅಂಚಿಗೆ ಅಜ್ಜ ತಾನಾಗಿಯೇ ಬಿಳಿ ಉಣ್ಣೆಯ ಒಂದು ಪಟ್ಟಿ ಕೂಡಿಸಿದ, ಯಾರೂ ಹೇಳಿರಲಿಲ್ಲ. ಅಷ್ಟರಲ್ಲಿ ಮೆಣಸಿನಕಾಯಿ ಸುಗ್ಗಿ ಬಂದು ಫಕೀರವ್ವ ಬ್ಯಾಡಗಿಯ ಅಕ್ಕನ ಮನೆಗೆ ಹೋಗಿ ಅಲ್ಲಿ ಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಕುಳಿತಿದ್ದಳು. ಕುಳಿತಲ್ಲಿ ಕಥೆಯನ್ನೂ ಬಿಚ್ಚಿದ್ದಳು. ವಾರಕ್ಕೊಮ್ಮೆ ಊರಿಗೆ ಬಂದವಳು ಸೀನುತ್ತ, ಕಣ್ಣು ಒರೆಸುತ್ತ ವರದಿ ಒಪ್ಪಿಸುತ್ತಿದ್ದಳು: “ಎಲ್ಲಾರೂ ಅಳಾಕತ್ತಿದ್ರಬೇ. ಖಾರಕ್ಕೋ ಕತಿಗೋ ತಿಳೀಲಿಲ್ಲ. ಒಬ್ಬಾಕಿ ಹುಡುಗಿ ಸಿಕ್ರ ಉಡಿ ತುಂಬ್ತೇನಿ ಅಂತ ಹರಕಿ ಹೊತ್ತಾಳ.” ಪುಸ್ತಕದಲ್ಲಿ ಆ ಮಗುವಿಗೆ ಹೆಸರೇ ಇರಲಿಲ್ಲ, ‘ಚಿಕ್ಕ ಮಗು’ ಎಂದಷ್ಟೇ ಇತ್ತು. ಹರಕೆ ಹೊರುವಾಗ ಹೆಸರು ಬೇಕಲ್ಲ. ಹೊಳೆಯಿಂದ ಉಳಿದು ಬಂದವಳೆಂದು ಬ್ಯಾಡಗಿಯ ಆ ಹೆಂಗಸರೇ ಹೊಳೆವ್ವ ಎಂದು ಹೆಸರಿಟ್ಟರು. ಕೆಂಪು ಕಾಯಿಯ ರಾಶಿಯ ನಡುವೆ ಕೂತು, ತಾವು ಕಾಣದ, ಇಲ್ಲದ ಒಂದು ಮಗುವಿಗೆ ನಾಮಕರಣ ಮಾಡಿದ ಆ ಜನರನ್ನು ನೆನೆದರೆ ನನಗೆ ಇಂದಿಗೂ ಕೈ ಮುಗಿಯಬೇಕೆನಿಸುತ್ತದೆ.

ಎರಡನೆಯ ಭಾಗ ಹೈಸ್ಕೂಲಿನ ಕಪಾಟಿನಲ್ಲಿದೆ ಎಂದು ಮಾಸ್ತರರು ಹೇಳಿದ್ದರು. ಆದರೆ ಅಜ್ಜ ನನ್ನ ವಿಷಯ ಮೊದಲೇ ಮುಗಿಸಿಬಿಟ್ಟಿದ್ದ, “ಏಳನೇತ್ತ ಸಾಕು. ರಾಟಿ ಮುಂದ ಕೈ ಬೇಕು.” ಅಮ್ಮನೂ ಅವನಿಗೆ ಎದುರಾಡಿರಲಿಲ್ಲ. ಈಗ ಎದುರಾಡಿದಳು. “ಹುಡುಗಿ ಕಟ್ಟಿ ಮ್ಯಾಲ ಕುಂತೈತಿ. ಎರಡನೇ ಭಾಗ ಯಾರು ಓದೂರು? ನಿಮ್ಮ ಕುರಿ ಬಂದು ಓದ್ತಾವೇನು?” “ಪುಸ್ತಕಷ್ಟ ಇಸ್ಕೊಂಡು ಬರ್ಲಿ.” “ಆ ಸಾಲ್ಯಾಗ ಹೆಸರು ಹಚ್ಚಿದವರಿಗಷ್ಟ ಕೊಡ್ತಾರಂತ.” ಅಜ್ಜ ಬಹಳ ಹೊತ್ತು ಎಳೆ ಬಡಿದ. ಆಮೇಲೆ ತಲೆ ಎತ್ತದೆ, “ಹಚ್ರಿ ಹಂಗಾರ” ಎಂದ. ನನ್ನ ಹೈಸ್ಕೂಲು, ನನ್ನ ಡಿಗ್ರಿ, ಇಂದು ಹಾವೇರಿಯ ಕಾಲೇಜಿನಲ್ಲಿ ನಾನು ಹೇಳುವ ಪಾಠ, ಎಲ್ಲಕ್ಕೂ ಬೇರು ಅದೊಂದು ಮಾತು. ನನಗಾಗಿ ಅಲ್ಲ, ಹೊಳೆವ್ವನಿಗಾಗಿ ನನ್ನನ್ನು ಓದಲು ಕಳಿಸಿದರು. ಇದರಲ್ಲಿ ನನಗೆ ಬೇಸರವಿಲ್ಲ.

ಮಳೆ ಹಿಡಿದ ಮೇಲೆ ಎರಡನೆಯ ಭಾಗ ಮನೆಗೆ ಬಂತು. ಸಣ್ಣ ಕಂಬಳಿ ಮಡಿಕೆಯಾಗಿ ಅಮ್ಮನ ಮಗ್ಗುಲಲ್ಲಿತ್ತು. ಪುಸ್ತಕ ತೆರೆದರೆ ವರ್ಷಗಳು ಕಳೆದುಹೋಗಿದ್ದವು. ಮಗ ಪಟ್ಟಣಕ್ಕೆ ಹೋಗಿದ್ದ, ಗಿರಣಿ ಸೇರಿದ್ದ. ಅವನಿಗೆ ಪ್ರೀತಿ, ಮದುವೆ, ಜಗಳ. ದಿನವೂ ಓದು ಮುಗಿದಾಗ ಅಮ್ಮನದು ಒಂದೇ ಮಾತು: “ಅಕಿ?” “ಇನ್ನೂ ಬಂದಿಲ್ಲಮ್ಮ.” “ಬರ್ತಾಳ.” ಹೀಗೆ ಪುಸ್ತಕ ತೆಳ್ಳಗಾಗುತ್ತ ಹೋಯಿತು. ಕೊನೆಯ ಹಾಳೆಯನ್ನು ಓದಿ, ಅದರ ಬೆನ್ನನ್ನೂ ತಿರುಗಿಸಿ ನೋಡಿದೆ. ಹುಡುಗಿ ಬರಲಿಲ್ಲ. ಸತ್ತಳು ಎಂದಾದರೂ ಇರಲಿಲ್ಲ. ಬರೆದವರು ಅವಳನ್ನು ಆ ಕಟ್ಟೆಯ ಮೇಲೆ ಕೂರಿಸಿ ಮರೆತೇ ಬಿಟ್ಟಿದ್ದರು. ಫಕೀರವ್ವ, “ಅವನ ಕೈಗೆ ಹುಳಾ ಬೀಳ್ಲಿ” ಎಂದು ಎದ್ದು ನಿಂತಳು. ಅವ್ವ ನನ್ನ ಮೇಲೆಯೇ ಅನುಮಾನಪಟ್ಟು, “ನಡುವ ಹಾಳಿ ಬಿಟ್ಟಿಯೇನು ನೋಡ” ಎಂದಳು. ಅಮ್ಮ ಮಾತ್ರ ಬಯ್ಯಲಿಲ್ಲ. ಕಂಬಳಿಯ ಬಿಳಿ ಅಂಚನ್ನು ಸವರುತ್ತ, “ಅವಗ ಎಷ್ಟು ಮಂದೀನ ನೋಡಿಕೊಳ್ಳೂದಿತ್ತೋ ಏನೋ. ಮರತಾನ. ನಾವು ಮರೀಬಾರದು” ಎಂದು ಅದನ್ನು ಜಂತಿಯ ಮೇಲೆ ಏರಿಸಿದಳು. ಅಂದಿನಿಂದ ಅದನ್ನು ಯಾರೂ ಹೊದೆಯಲಿಲ್ಲ. ರಾಣೆಬೆನ್ನೂರಿನ ವ್ಯಾಪಾರಿ ಬಂದಾಗ ಬೇರೆಲ್ಲ ಕಂಬಳಿಗಳ ಜೊತೆ ಅದನ್ನೂ ಎಳೆದರೆ ಅಜ್ಜ, “ಅದು ಮಾರೂದಲ್ಲ, ಒಂದು ಹುಡುಗೀದು” ಅನ್ನುತ್ತಿದ್ದ. ಸುಳ್ಳು ಕತಿ ಎಂದವನೇ ಅವನು.

ಕಾಲೇಜಿನಲ್ಲಿ ನಮ್ಮ ಗುರುಗಳು, ಓದುಗರು ಕಥೆಯಿಂದ ಒಂದಿಷ್ಟು ದೂರ ನಿಂತು ನೋಡಬೇಕು ಎಂದು ಕಲಿಸಿದರು. ನಾನದನ್ನು ಬರೆದುಕೊಂಡೆ, ಪರೀಕ್ಷೆಯಲ್ಲೂ ಬರೆದೆ, ಇಂದು ನನ್ನ ತರಗತಿಯ ಮಕ್ಕಳಿಗೂ ಹೇಳುತ್ತೇನೆ. ಅದು ಸರಿಯೇ ಇರಬಹುದು. ಆದರೆ ಹಾಗೆ ಹೇಳುವಾಗೆಲ್ಲ ನನ್ನ ಕಿವಿಯಲ್ಲಿ ಒಂದು ಮಗ್ಗದ ಸದ್ದು ಥಟ್ಟನೆ ನಿಲ್ಲುತ್ತದೆ.

ನನಗೆ ಕೆಲಸ ಸಿಕ್ಕ ವರ್ಷದ ಚಳಿಯಲ್ಲಿ ಅಮ್ಮ ಹಾಸಿಗೆ ಹಿಡಿದಳು. ಹಾವೇರಿಯಿಂದ ಹೋಗಿ ನೋಡಿದರೆ ಅವಳು ಇಷ್ಟೇ ಇಷ್ಟಾಗಿದ್ದಳು, ಮೊಣಕಾಲು ಎದೆಗೆ ಸೇರಿಸಿ ಮಲಗಿದರೆ ಮಗುವಿನಂತೆ. ಮಧ್ಯಾಹ್ನದ ಬಿಸಿಲಲ್ಲೂ ನಡುಗುತ್ತಿದ್ದಳು. ಅವ್ವ ದೊಡ್ಡ ಕಂಬಳಿ ಹೊದಿಸಿದರೆ, “ಭಾರ ಆಗತೈತಿ, ತಗಿ” ಅನ್ನುವಳು, ತೆಗೆದರೆ ನಡುಗುವಳು. ನಾನು ಜಂತಿಯ ಮೇಲಿಂದ ಸಣ್ಣದನ್ನು ಇಳಿಸಿ, ಝಾಡಿಸಿ ಹೊದಿಸಿದೆ. ತಲೆಯಿಂದ ಕಾಲಿನವರೆಗೆ ಸರಿಯಾಗಿ ಮುಚ್ಚಿತು. ಅಮ್ಮನ ಬೆರಳು ಅಂಚಿನ ಬಿಳಿ ಪಟ್ಟಿಯನ್ನು ಹುಡುಕಿಕೊಂಡು ಹೋಯಿತು. ಕಣ್ಣು ತೆರೆದಳು. “ಇದು ಹೊಳೆವ್ವಂದು. ಅಕಿಗೆ ಬೇಕಾಗತೈತಿ. ತಗಿ.”

ನನಗೆ ಆ ಮಾತು ಎಲ್ಲಿಂದ ಬಂತೋ ಇಂದಿಗೂ ತಿಳಿಯದು. “ಅಕೀನೇ ಕಳಿಸ್ಯಾಳಮ್ಮ. ನಿನಗ ಹೊದಿಸು ಅಂದಾಳ” ಎಂದೆ.

ಅಮ್ಮ ನನ್ನ ಮುಖವನ್ನೇ ನೋಡಿದಳು. ಓದು ಮುಗಿದಾಗ ನೋಡುತ್ತಿದ್ದ ಹಾಗೆಯೇ. “ಹಂಗಾರ ಬದುಕ್ಯಾಳ” ಎಂದಳು. “ಬದುಕ್ಯಾಳ” ಎಂದೆ. ಕಂಬಳಿಯನ್ನು ಗಲ್ಲದವರೆಗೆ ಎಳೆದುಕೊಂಡು, ಅದರ ವಾಸನೆಯನ್ನು ಒಮ್ಮೆ ಒಳಗೆ ತೆಗೆದುಕೊಂಡು ಮಲಗಿದಳು. ಆ ವಾರ ಕಳೆಯುವುದರೊಳಗೆ ಹೋದಳು.

ಅವಳನ್ನು ಹೊರಗೆ ತರುವಾಗ ಅವ್ವ ಆ ಕಂಬಳಿಯನ್ನು ಅವಳೊಂದಿಗೇ ಕಳಿಸೋಣ ಎಂದಳು. ಕುಣಿಯ ದಂಡೆಯ ಮೇಲೆ ಕುಳಿತಿದ್ದ ಅಜ್ಜ ಕೈ ಅಡ್ಡ ಮಾಡಿದ. “ಬ್ಯಾಡ. ಅದು ಅಕೀದಲ್ಲ, ಹೊಳೆವ್ವಂದು. ನಾಳೆ ಬಂದು ಕೇಳಿದ್ರ ಏನ್ ಹೇಳೂದು?”

ಈಗ ಅಜ್ಜನೂ ಇಲ್ಲ, ಫಕೀರವ್ವನೂ ಇಲ್ಲ. ಮಗ್ಗದ ಕುಣಿಗೆ ಮಣ್ಣು ತುಂಬಿ ಮೇಲೆ ಟೈಲ್ಸ್ ಹಾಕಿಸಿದ್ದಾರೆ, ಅದರ ಮೇಲೆ ತಮ್ಮನ ಬೈಕು ನಿಲ್ಲುತ್ತದೆ. ಕಂಬಳಿ ಹಾವೇರಿಯಲ್ಲಿ ನನ್ನ ಮನೆಯಲ್ಲಿದೆ. ಹುಳ ಹಿಡಿಯದಂತೆ ವರ್ಷಕ್ಕೊಮ್ಮೆ ಬೇವಿನ ಸೊಪ್ಪು ಬದಲಿಸಿ, ಬಿಸಿಲಿಗೆ ಹಾಕಿ, ಮಡಿಚಿ ಇಡುತ್ತೇನೆ. ಇನ್ನೂ ಯಾರೂ ಬಂದು ಕೇಳಿಲ್ಲ.