ಪರದೆಯ ಹದಿನೆಂಟು

“ಅಕ್ಕಾ, ಇಪ್ಪತ್ತಾರು ವರ್ಷ ಸ್ಟೀರಿಂಗ್ ಹಿಡಿದಿದೀನಿ. ಲಾರಿ ಓಡಿಸ್ದೆ, ಶಾಲೆ ವ್ಯಾನ್ ಓಡಿಸ್ದೆ, ಈಗ ವಕೀಲಮ್ಮನ ಕಾರು. ಒಂದು ದಿನ ಯಾರೂ ನನ್ನ ಕೈ ಮೂಸಿ ನೋಡಿರ್ಲಿಲ್ಲ. ಇವತ್ತು ಅಮ್ಮಾವ್ರು ಹಿಂದಿನ ಸೀಟಲ್ಲಿ ಕೂತು ಮೆಲ್ಲಗೆ ಕೇಳಿದ್ರು, ಕಾರಿನ ಮೀಟರ್ ಪರದೆ ಲೀಟರಿಗೆ ಹದಿನೆಂಟು ಕಿಲೋಮೀಟರ್ ಅನ್ನುತ್ತೆ, ಪಂಪಿನ ಚೀಟಿ ನೋಡಿದ್ರೆ ಹದಿನೈದು ಚಿಲ್ಲರೆ ಬರುತ್ತೆ, ಮಿಕ್ಕಿದ್ದು ಎಲ್ಲಿ ಹೋಗುತ್ತೆ ಅಂತ. ಬೈದಿದ್ರೆ ನಾನೂ ಏನಾದ್ರೂ ಅಂದುಬಿಡ್ತಿದ್ದೆ. ಬೈಲಿಲ್ಲ. ನಿನ್ನ ಮೇಲೆ ಅನುಮಾನ ಇಲ್ಲಪ್ಪಾ, ಗೊತ್ತಾಗ್ಬೇಕು ಅಷ್ಟೇ ಅಂದ್ರು. ನಾನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡ್ಕೊಂಡೆ. ಕದ್ದಿಲ್ಲ, ಆದ್ರೂ ಮುಟ್ಟಿ ನೋಡ್ಕೊಂಡೆ.”

ಹೀಗೆ ಹೇಳಿದವನು ನನ್ನ ತಮ್ಮ. ಊರಿನವರು ಅವನನ್ನು ನಿಧಾನಿ ಎನ್ನುತ್ತಾರೆ. ಮಗು ಮಲಗಿರುವ ಕೋಣೆಯಲ್ಲಿ ಹೆಜ್ಜೆ ಇಟ್ಟಂತೆ ಗಾಡಿ ಓಡಿಸುವವನು. ಸಿಗ್ನಲ್ಲಿನಲ್ಲಿ ಎಂಜಿನ್ ಆರಿಸುತ್ತಾನೆ. ಕಾರಿನೊಳಗಿನ ಯಾರ ಮಾತನ್ನೂ ಹೊರಗೆ ತರುವುದಿಲ್ಲ. ಅಂಥವನು ಅಂದು ಊಟದ ತಟ್ಟೆ ಮುಂದಿಟ್ಟುಕೊಂಡು ಕಲೆಸುತ್ತಲೇ ಕೂತ.

“ಇವರು ಪೆಟ್ರೋಲ್ ಕದಿಯೋ ಹಾಗಿದ್ರೆ ನಮ್ಮನೇಲಿ ಒಂದು ಗಟ್ಟಿ ಕುರ್ಚಿಯಾದ್ರೂ ಇರ್ತಿತ್ತು, ಅತ್ತಿಗೆ” ಎಂದಳು ಅವನ ಹೆಂಡತಿ.

ಅವನ ಗೆಳೆಯನೊಬ್ಬ ಮೆಕ್ಯಾನಿಕ್. ಅವನನ್ನು ಕೇಳಿದೆವು. “ಪರದೆ ಪೆಟ್ರೋಲ್ ಅಳೆಯಲ್ಲ ಅಕ್ಕಾ, ಅಂದಾಜು ಹಾಕುತ್ತೆ. ವೇಗದ ಮುಳ್ಳೂ ಅಷ್ಟೇ, ಇರೋದಕ್ಕಿಂತ ಒಂದಿಷ್ಟು ಜಾಸ್ತಿನೇ ತೋರಿಸುತ್ತೆ” ಎಂದ. ವಕೀಲಮ್ಮನಿಗೆ ಹೇಳಿದರೆ, “ಗೆಳೆಯನ ಹೇಳಿಕೆ ಬೇಡಪ್ಪಾ. ತೋರಿಸು” ಎಂದರಂತೆ.

ತೋರಿಸಲು ಭಾನುವಾರ ಅವರ ಕಾರನ್ನೇ ಕೇಳಿ ತಂದ. ಪಂಪಿನಲ್ಲಿ ಟ್ಯಾಂಕ್ ತುಂಬಿಸಿದ. ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಕೈಗಡಿಯಾರ ಬಿಚ್ಚಿ ಕೊಟ್ಟ. “ಮುಳ್ಳು ಅರವತ್ತಕ್ಕೆ ನಿಲ್ಲಿಸ್ತೀನಿ. ಒಂದು ಕಿಲೋಮೀಟರ್ ಕಲ್ಲಿಂದ ಇನ್ನೊಂದು ಕಲ್ಲಿಗೆ ಸರಿಯಾಗಿ ಒಂದು ನಿಮಿಷ ಆಗ್ಬೇಕು. ನೋಡ್ತಾ ಇರು.”

ಅರವತ್ತೈದು ಸೆಕೆಂಡ್ ಆಯಿತು. ಮತ್ತೆ ನೋಡಿದೆವು, ಮತ್ತೆ ಅರವತ್ತೈದು. ಕಲ್ಲು ಎಣಿಸಿದರೆ ಕಾರು ತೋರಿಸುವ ದೂರದ ಲೆಕ್ಕ ಮಾತ್ರ ಸರಿಯಾಗಿತ್ತು. ನನಗೆ ತಲೆ ಚಿಟ್ಟು ಹಿಡಿಯಿತು. ಒಂದೇ ಚಕ್ರ ನೋಡಿ ಹೇಳುವವರಲ್ಲಿ ಒಬ್ಬ ಸತ್ಯವಂತ, ಒಬ್ಬ ಸುಳ್ಳ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲೂ ಹಾಗಿರುತ್ತದೆ ನಿಜ, ಆದರೆ ಯಂತ್ರಕ್ಕೇಕೆ ಆ ಬುದ್ಧಿ?

ನೂರಿಪ್ಪತ್ತು ಕಿಲೋಮೀಟರ್ ಸುತ್ತಿ ಅದೇ ಪಂಪಿಗೆ ಬಂದು ಮತ್ತೆ ತುಂಬಿಸಿದೆವು. ಒಂಬತ್ತೂಕಾಲು ಲೀಟರ್ ಹಿಡಿಯಿತು. ತಮ್ಮ ಕಾಗದದ ಮೇಲೆ ಮೂರು ಸಲ ಭಾಗಿಸಿದ. ಲೀಟರಿಗೆ ಹದಿಮೂರು. ಪರದೆ ಆಗಲೂ ಹದಿನೆಂಟು ಎನ್ನುತ್ತಿತ್ತು.

“ಇರಲಾರದೆ ಇರುವೆ ಬಿಟ್ಕೊಂಡೆ ಅಕ್ಕಾ” ಎಂದ. “ಚೀಟೀಲಿ ಹದಿನೈದಾದ್ರೂ ಇತ್ತು. ಈಗ ನಾನೇ ಓಡಿಸಿ ನಾನೇ ಹದಿಮೂರು ಅಂತ ಹೋಗಿ ಹೇಳ್ಬೇಕು.”

“ಹೇಳ್ಬೇಡ” ಎಂದಳು ಹೆಂಡತಿ. ಅವನು ಹೇಳಿದ. ವಕೀಲಮ್ಮ ಕಾಗದ ತಿರುಗಿಸಿ ನೋಡಿ, “ಸಾಕ್ಷಿ ಯಾರು?” ಎಂದರಂತೆ. “ನಮ್ಮಕ್ಕ.” “ಅಕ್ಕ ಸಾಕ್ಷಿಯಾದ್ರೆ ಹೇಗಪ್ಪಾ. ಈ ಸಲ ನಾನೇ ಇರ್ತೀನಿ.”

ಮೂರು ದಿನ ಅವರಿಲ್ಲದೆ ಕಾರು ಗೇಟು ದಾಟಲಿಲ್ಲ. ಸಂಜೆಯಾದರೆ ಕೀಲಿಯನ್ನು ಅವರೇ ಒಳಗೆ ತೆಗೆದುಕೊಂಡು ಹೋಗುತ್ತಿದ್ದರು. ತಮ್ಮ ಮನೆಗೆ ಬಂದು ಬರಿಯ ಅಂಗೈ ನೋಡಿಕೊಳ್ಳುತ್ತಿದ್ದ. ಮತ್ತೆ ನೂರಿಪ್ಪತ್ತು ಆದ ದಿನ, “ಮೊದಲನೇ ಸಾಕ್ಷೀನೂ ಕರ್ಕೊಂಡು ಬಾ” ಎಂದರಂತೆ. ನಾನೂ ಪಂಪಿಗೆ ಹೋದೆ.

ಈ ಸಲ ಹಿಡಿದದ್ದು ಆರೂಕಾಲು ಲೀಟರ್. ವಕೀಲಮ್ಮ ಫೋನಿನಲ್ಲಿ ಲೆಕ್ಕ ಮಾಡಿ ಕನ್ನಡಕ ತೆಗೆದರು. “ಹತ್ತೊಂಬತ್ತು. ಪರದೆಗಿಂತ ಜಾಸ್ತಿ. ಏನಪ್ಪಾ, ಭಾನುವಾರ ಕುಡಿದವನು ಈಗ ತಂದು ಸುರಿದ್ಯಾ?”

ಒಂದೇ ಕಾರು, ಒಂದೇ ಊರಿನ ರಸ್ತೆ, ಓಡಿಸಿದ ಕೈಯೂ ಒಂದೇ. ಒಮ್ಮೆ ಹದಿಮೂರು, ಒಮ್ಮೆ ಹತ್ತೊಂಬತ್ತು.

ನನಗೆ ಭಾಗಾಕಾರ ಬರುವುದಿಲ್ಲ. ಕಿವಿಗೆ ಬಿದ್ದದ್ದು ಮಾತ್ರ ಮರೆಯುವುದಿಲ್ಲ. “ಅಮ್ಮಾ, ಇವತ್ತು ಪೆಟ್ರೋಲ್ ಕೊಳವೆ ಒಂದೇ ಸಲ ಟಕ್ ಅಂತು” ಎಂದೆ. “ಭಾನುವಾರ ಹೊರಡೋವಾಗ್ಲೂ ಒಂದೇ ಸಲ. ತಿರುಗಿ ಬಂದಾಗ ಮಾತ್ರ ಐದು ಸಲ ಟಕ್ ಅಂದಿತ್ತು.”

ಪಂಪಿನಲ್ಲಿ ಪೆಟ್ರೋಲ್ ಹಾಕುವ ಹೆಂಗಸು ನಕ್ಕಳು. “ಹೌದಮ್ಮ. ಟ್ಯಾಂಕ್ ತುಂಬಿದಾಗ ಒಂದು ಸಲ ಟಕ್ ಅಂತ ತಾನೇ ನಿಲ್ಲುತ್ತೆ. ಅವತ್ತು ಚಿಲ್ಲರೆ ಇರ್ಲಿಲ್ಲ, ಸರಿ ಮೊತ್ತ ಬರ್ಲಿ ಅಂತ ಟ್ಯಾಂಕಿನ ಕುತ್ತಿಗೆವರೆಗೂ ಹಾಕ್ದೆ.”

ವಕೀಲಮ್ಮ ಮತ್ತೆ ಕನ್ನಡಕ ಹಾಕಿಕೊಂಡರು. ಆಮೇಲೆ ಎರಡೂ ಸಲದ ದೂರ ಕೂಡಿದರು, ಎರಡೂ ಸಲದ ಪೆಟ್ರೋಲ್ ಕೂಡಿದರು. “ಹಾಗಾದ್ರೆ ಅವತ್ತು ಹೆಚ್ಚು ಹಾಕಿದ್ದೇ ಇವತ್ತು ಕಮ್ಮಿ ಹಿಡೀತು. ಇನ್ನೂರ ನಲವತ್ತಕ್ಕೆ ಹದಿನೈದೂವರೆ ಲೀಟರ್. ಲೀಟರಿಗೆ ಹದಿನೈದೂವರೆ. ಚೀಟಿಗಳೂ ಅದನ್ನೇ ಹೇಳ್ತಿದ್ವು. ಈ ಮೂರು ದಿನ ಕೀಲಿ ನನ್ನ ಹತ್ರಾನೇ ಇತ್ತು, ಯಾರೂ ಕದಿಯೋ ಹಾಗಿರ್ಲಿಲ್ಲ. ಪರದೆ ಜಂಬ ಕೊಚ್ಚುತ್ತೆ, ಅಷ್ಟೇ.” ಕೀಲಿಯನ್ನು ಅವನ ಕೈಗಿಟ್ಟರು. “ಇನ್ಮೇಲೆ ನಿನ್ನ ಹತ್ರಾನೇ ಇರ್ಲಿ. ಕೇಳಿದ್ದು ಮನಸ್ಸಿಗೆ ಹಚ್ಕೋಬೇಡ.”

ಮನೆಗೆ ಬಂದ ಮೇಲೂ ಅವನ ಮುಖ ತಿಳಿಯಾಗಲಿಲ್ಲ. “ಅಮ್ಮಾವ್ರು ನನ್ನ ನಂಬಿದ್ರಾ, ಲೆಕ್ಕ ನಂಬಿದ್ರಾ, ಅಕ್ಕಾ?”

“ನಂಗೂ ಗೊತ್ತಾಗ್ಲಿಲ್ಲ ಕಣೋ.”

“ಇಪ್ಪತ್ತಾರು ವರ್ಷ ಅರವತ್ತು ಅಂದ್ಕೊಂಡು ಐವತ್ತೈದರಲ್ಲಿ ಹೋಗಿದೀನಾ?”

“ಅದಕ್ಕೇ ನಿಧಾನಿ ಅನ್ನೋದು” ಎಂದಳು ಹೆಂಡತಿ ಒಳಗಿನಿಂದ.

ಹಗ್ಗದ ಮೇಲಿನ ಬಟ್ಟೆ ಒಣಗಿತ್ತು. ದೊಡ್ಡ ಹೊದಿಕೆ ಎಳೆದು ಎರಡು ತುದಿ ಅವನಿಗೆ ಕೊಟ್ಟೆ, ಎರಡು ನಾನು ಹಿಡಿದೆ. ಕೊಡವಿ, ಉದ್ದಕ್ಕೆ ಒಮ್ಮೆ ಮಡಚಿದೆವು. ಅವನ ತುದಿ ನಾಲ್ಕು ಬೆರಳು ಹೆಚ್ಚು ಬಂತು. ಬಿಚ್ಚಿ ಮತ್ತೆ ಮಡಚಿದೆವು.