ರೊಟ್ಟಿ ಬಡಿಯುವ ತಾಳಕ್ಕೆ

ಬೆಳಿಗ್ಗೆ ಯಾರೋ ದಬದಬ ಬಾಗಿಲು ಬಡಿದರು. ಹಾರ್ಮೋನಿಯಂ ಬಿಟ್ಟು ಎದ್ದು ತೆರೆದರೆ, ಪಕ್ಕದ ಮನೆಯ ಹುಸೇನಬಿ ಚಾಚಿ. ಎರಡೂ ಕೈತುಂಬ ಜೋಳದ ಹಿಟ್ಟು! ಶಾಲೆಯಲ್ಲಿದ್ದಾಗ ಕಲಿತು ಮರೆತಿದ್ದ ಈ ಪೇಟಿಯನ್ನು ನಲವತ್ತೈದು ದಾಟಿದ ಮೇಲೆ ಮತ್ತೆ ಹಿಡಿದಿದ್ದೆ. ಕೊಪ್ಪಳದಿಂದ ಮುನಿರಾಬಾದಿನ ಕಚೇರಿಗೆ ಹೊರಡುವ ಮುಂಚಿನ ಅರ್ಧ ಗಂಟೆಯಷ್ಟೇ ನನಗೆ ಸಿಗುವುದು. ಗದ್ದಲ ತಾಳಲಾರದೆ ಜಗಳಕ್ಕೇ ಬಂದರೆಂದುಕೊಂಡೆ.

“ದಿನಾ ಅದೊಂದ ಕಡೆ ಯಾಕ ನಿಂದರ್ತೀರಿ ಅಕ್ಕಾರ? ನಿಮ್ಮ ಪೇಟಿ ಜೋಡಿ ನಾ ರೊಟ್ಟಿ ಬಡೀತೀನಿ. ನೀವು ನಿಂತ್ರ ನನ್ನ ಕೈನೂ ನಿಲ್ತೈತಿ, ರೊಟ್ಟಿ ಅಂಚು ಒಡೀತೈತಿ!”

“ಅಲ್ಲಿ ಬೆರಳು ತಪ್ಪತೈತ್ರಿ ಚಾಚಿ.”

“ತಪ್ಪಲಿ ಬಿಡ್ರಿ, ನಿಲ್ಲಬ್ಯಾಡ್ರಿ!” ಎಂದವರೇ ಒಲೆ ಮೇಲಿನ ಹೆಂಚು ಅತಿಯಾಗಿ ಕಾದೀತೆಂದು ಓಡಿದರು.

ಮರುದಿನ, ನಾನು ದಿನಾ ನುಡಿಸುತ್ತಿದ್ದ ಭಜನೆಯ ಅದೇ ಸಾಲಿನಲ್ಲಿ ಬೆರಳು ಮತ್ತೆ ತಪ್ಪಿತು. ಗೋಡೆಯಾಚೆ ಚಾಚಿಯ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಮಾತ್ರ ನಿಲ್ಲಲಿಲ್ಲ. ನಾಚಿಕೆ ಬಿಟ್ಟು, ತಪ್ಪು ಸ್ವರದಲ್ಲೇ ಅದರ ಬೆನ್ನು ಹತ್ತಿದೆ. ಮೊದಲ ಬಾರಿಗೆ ಭಜನೆ ಕೊನೆ ಮುಟ್ಟಿತು.

ಸ್ವಲ್ಪ ಹೊತ್ತಿಗೆ ಕಾಂಪೌಂಡಿನ ಮೇಲಿಂದ ಬಿಸಿ ರೊಟ್ಟಿಯೊಂದು ನನ್ನ ಕೈಗೆ ಬಂತು. ತಿರುಗಿಸಿ ತಿರುಗಿಸಿ ನೋಡಿದೆ. ಅಂಚು ಎಲ್ಲೂ ಒಡೆದಿರಲಿಲ್ಲ.